ಗಾಡಿಗೆ ಕೈ ಹಚ್ಚಬ್ಯಾಡ

ನನ್ನ ಕಾರು ಕಪ್ಪು. ಪುಣೆಯ ಧೂಳಿನಲ್ಲಿ ಕಪ್ಪು ಕಾರು ಇಟ್ಟುಕೊಳ್ಳುವುದು ಬರೀ ಜಂಭ ಎಂದು ಗೊತ್ತಿದ್ದೂ ಕೊಂಡೆ. ಪ್ರತಿ ಭಾನುವಾರ ಬಿಸಿಲೇರುವ ಮೊದಲು ಸೊಸೈಟಿಯ ಪಾರ್ಕಿಂಗಿನಲ್ಲಿ ನಾನೇ ಅದನ್ನು ತೊಳೆಯುತ್ತೇನೆ. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ತೊಳೆದು, ಮೆತ್ತನೆಯ ದಪ್ಪ ಬಟ್ಟೆ ಹಾಸಿ ನೀರು ಹೀರಿಸಬೇಕು, ಉಜ್ಜಬಾರದು. ಈ ಶಾಸ್ತ್ರವನ್ನು ಮೊಬೈಲಿನಲ್ಲಿ ನೋಡಿ ಕಲಿತು ಊರಿಗೆಲ್ಲ ಹೇಳುತ್ತಿದ್ದೆ.

ಆಗ ಅಪ್ಪ ಪಕ್ಕದಲ್ಲಿ ಪೈಪು ಹಿಡಿದು ನಿಲ್ಲುತ್ತಿದ್ದ. ಅವ್ವ ತೀರಿಕೊಂಡ ಮೇಲೆ ಅವನು ನನ್ನ ಜೊತೆಗಿದ್ದಾನೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಬ್ಬಿಣಕ್ಕೆ ಅರ ಹಾಕಿ ನುಣುಪು ಮಾಡಿದವನು, ಅಂಗೈ ಒರಟು. ನಾನು ತೊಳೆದು ಮುಗಿಸಿದೆ ಎನ್ನುವಷ್ಟರಲ್ಲಿ ಒದ್ದೆ ಬಾನೆಟ್ಟಿನ ಮೇಲೆ ಮೆಲ್ಲಗೆ ಕೈಯಾಡಿಸಿ, "ಇಲ್ಲಿ ಇನ್ನಾ ಉಸುಕು ಅದ ನೋಡವ್ವಾ. ಮತ್ತೊಮ್ಮೆ ನೀರು ಬಿಡು, ಆಮ್ಯಾಲ ಅರಿವಿ ಹಚ್ಚು. ಕಣ್ಣಿಗೆ ಕಾಣಲಾರದ್ದು ಕೈಗೆ ಹತ್ತತದ," ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಯಲ್ಲಿ ಅಪ್ಪನದು ಒಂದೇ ಕಟ್ಟಳೆ. ಹೊರಗಿನವರ ಜೊತೆ ಬೇಕಾದಷ್ಟು ಮರಾಠಿ, ನಮ್ಮ ನಮ್ಮಲ್ಲಿ ಕನ್ನಡ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಅವ್ವನ ಹಾಸಿಗೆಯ ಪಕ್ಕದಲ್ಲಿ ಕೂಡ ನಾವು ಅದನ್ನು ಮುರಿದಿರಲಿಲ್ಲ.

ಒಂದು ಭಾನುವಾರ ಓರೆ ಬಿಸಿಲಿನಲ್ಲಿ ಬಾನೆಟ್ಟಿನ ತುಂಬ ಸಣ್ಣ ಸಣ್ಣ ಗೀರುಗಳು ಕಂಡವು, ಸುತ್ತು ಸುತ್ತಾಗಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

"ಅದು ಕೈ ಅಲ್ಲಪ್ಪಾ, ಸ್ಯಾಂಡ್ ಪೇಪರ್. ಗಾಡಿಗೆ ಕೈ ಹಚ್ಚಬ್ಯಾಡ."

"ನಾ ಬರೇ ಮುಟ್ಟಿ ನೋಡ್ತೀನಿ, ಉಜ್ಜಂಗಿಲ್ಲವ್ವಾ," ಎಂದ ಅಪ್ಪ.

ಪಕ್ಕದ ಕಾರಿನವನು ತಿರುಗಿ ನೋಡಿದ. ಅವನಿಗೂ ತಿಳಿಯಲೆಂದು ನಾನು ಅದೇ ಮಾತನ್ನು ಅಪ್ಪನಿಗೆ ಮರಾಠಿಯಲ್ಲಿ ಹೇಳಿದೆ: "ಗಾಡೀಲಾ ಹಾತ ಲಾವೂ ನಕಾ." ಕಾರ್ಖಾನೆ ಬಿಟ್ಟರೂ ಈ ಮುದುಕನ ಕೈಯಿಂದ ಅರ ಬಿಟ್ಟಿಲ್ಲ ಎಂದೂ ಸೇರಿಸಿದೆ. ಪಕ್ಕದವನು ನಕ್ಕ, ನಾನೂ ನಕ್ಕೆ. ಬಾಯಿತಪ್ಪಿ ಬಂದ ಮಾತಲ್ಲ ಅದು, ನಗಿಸಬೇಕೆಂದೇ ಆಡಿದ್ದು. ಅಪ್ಪ ನಲ್ಲಿ ನಿಲ್ಲಿಸಿ, ಪೈಪು ಸುತ್ತಿಟ್ಟು, ಮೇಲೆ ಹೋದ.

ಮುಂದಿನ ಭಾನುವಾರದಿಂದ ಅವನು ಕೆಳಗಿಳಿಯಲಿಲ್ಲ. ಎಲ್ಲಿಗಾದರೂ ಹೊರಟರೆ ಕಾರಿನ ಬಳಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ನಾನೇ ಬಾಗಿಲು ತೆಗೆಯಬೇಕು, ನಾನೇ ಹಾಕಬೇಕು. ಸುಳ್ಳೇಕೆ ಹೇಳಲಿ, ನನಗೆ ಅದು ಹಿತವಾಗಿತ್ತು.

ಗೀರು ತೆಗೆಸಲು ಹೋದಾಗ ಪಾಲಿಶ್ ಮಾಡುವವನು ಬಾನೆಟ್ಟಿನ ಮೇಲೆ ಟಾರ್ಚು ಹಿಡಿದು ನೋಡಿದ. ಇದು ಬಟ್ಟೆಯ ಕೆಲಸ ಮೇಡಂ, ಬಟ್ಟೆಗೆ ಮರಳು ಹತ್ತಿತ್ತು, ಅದರಿಂದಲೇ ಸುತ್ತಿ ಸುತ್ತಿ ಉಜ್ಜಿದ್ದೀರಿ ಎಂದ. ಆಗ ನೆನಪಾಯಿತು. ಒರೆಸುವ ಬಟ್ಟೆ ಕೈಜಾರಿ ಪಾರ್ಕಿಂಗಿನ ನೆಲಕ್ಕೆ ಬಿದ್ದಿತ್ತು. ಎರಡು ಸಲ ಝಾಡಿಸಿ, ಆತುರದಲ್ಲಿ ಅದರಿಂದಲೇ ಒರೆಸಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಅಪ್ಪನಿಗೆ ಹೇಳಬೇಕಿತ್ತು. ಆ ಸಂಜೆ ಹೇಳಲಿಲ್ಲ, ಮರುದಿನವೂ ಇಲ್ಲ. ನಾಚಿಕೆ ಇತ್ತು, ನಿಜ. ಹೇಳಿದರೆ ಮತ್ತೆ ಭಾನುವಾರ ಬಂದು ಬಾನೆಟ್ಟು ಸವರುತ್ತಾನಲ್ಲ ಎಂಬ ಕಿರಿಕಿರಿ ಅದಕ್ಕಿಂತ ಹೆಚ್ಚಿತ್ತು.

ಹೀಗಿರುವಾಗ ಒಂದು ದಿನ ಇಬ್ಬರೂ ತರಕಾರಿ ಮಂಡಿಗೆ ಹೋದೆವು. ರಸ್ತೆಯಂಚಿಗೆ ಕಾರು ನಿಲ್ಲಿಸಿ, ಅಪ್ಪನ ಬಾಗಿಲು ತೆಗೆದು, ಚೀಲ ತರಲು ಹಿಂದಕ್ಕೆ ಹೋದೆ. ಅಲ್ಲಿಂದಲೇ ಕಂಡಿತು: ಒದ್ದೆ ಕಲ್ಲಿನ ಮೇಲಿಟ್ಟ ಅಪ್ಪನ ಕಾಲು ಜಾರಿತು. ತೆರೆದ ಬಾಗಿಲು ಅವನಿಂದ ಒಂದು ಗೇಣು ದೂರದಲ್ಲಿತ್ತು, ಹಿಡಿದಿದ್ದರೆ ನಿಲ್ಲುತ್ತಿದ್ದ. ಅವನು ಎರಡೂ ಕೈ ಎದೆಗೆ ಸೆಳೆದುಕೊಂಡು ಬಿದ್ದ.

ಓಡಿ ಬಂದೆ. ಬಂದವಳು ಮೊದಲು ಬಾಗಿಲು ನೋಡಿದೆ, ಗೀರು ಬಿತ್ತೇ ಎಂದು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಅಪ್ಪ ಅದನ್ನು ನೋಡಿದ. ಕೆಸರಿನಲ್ಲಿ ಕೂತು, ಮುರಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು,

"ಗಾಡೀಲಾ ಹಾತ ನಾಹೀ ಲಾವಲಾ," ಎಂದ.

ಗಾಡಿಗೆ ಕೈ ಹಚ್ಚಿಲ್ಲವಂತೆ. ಅಪ್ಪ ನನಗೆ ಅದನ್ನು ಮರಾಠಿಯಲ್ಲಿ ಹೇಳಿದ.