ಮೂವರು ತಂಗಿಯರಿಗೆ ಒಂದು ಆಸರೆಮನೆ

ಗಲ್ಫಿನ ಜಾಬ್ರಿಯಾದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ. ಕೆಲವು ವರ್ಷಗಳ ಹಿಂದೆ ಊರಿನ ಕಡೆಯ ಮೂವರು ನರ್ಸ್ ಹುಡುಗಿಯರು ಹತ್ತಿರದ ಹೊಸ ಕ್ಲಿನಿಕ್ಕಿಗೆಂದು ಬಂದಿಳಿದರು. ಕ್ಲಿನಿಕ್ ಬಾಗಿಲು ತೆರೆಯುವ ಮೊದಲೇ ಮುಚ್ಚಿತು. ಒಬ್ಬಳು ಉಳ್ಳಾಲದ ಬ್ಯಾರಿ ಹುಡುಗಿ, ಒಬ್ಬಳು ಕಾರ್ಕಳದ ತುಳುವಿನವಳು, ಎಲ್ಲರಿಗಿಂತ ಚಿಕ್ಕವಳು ಶಿರ್ವದ ಕೊಂಕಣಿ ಮಾತಿನ ಕ್ರೈಸ್ತ ಹುಡುಗಿ. ಇಕಾಮಾ ಎಂಬ ವಾಸದ ಪರವಾನಗಿ ಬೇರೆ ಆಸ್ಪತ್ರೆಗೆ ಬದಲಾಗುವ ತನಕ ಅವರು ಎಲ್ಲಾದರೂ ಇರಬೇಕಿತ್ತು. "ಎರಡು ದಿವಸ ಮಾತ್ರ" ಎಂದು ನನ್ನ ಗಂಡ ಅವರನ್ನು ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಕರೆತಂದರು.

ಗಂಡ ಊರಿನವರ ಸಂಘದ ಕಾರ್ಯದರ್ಶಿ. ಆ ವಾರವೇ ಸಂಘದವರು ಇಂಥ ದಿಕ್ಕಿಲ್ಲದ ಯುವಜನರಿಗೆ ಒಂದು ಆಸರೆಮನೆ ಮಾಡುವುದೆಂದು ತೀರ್ಮಾನಿಸಿದರು. ಮನಸ್ಸು ಎಲ್ಲರದೂ ಒಳ್ಳೆಯದೇ. ಆದರೆ ಅಧ್ಯಕ್ಷರು ಹಿಂದೊಮ್ಮೆ ಊರಿನ ಪುರಸಭೆಯ ಸದಸ್ಯರಾಗಿದ್ದವರು. ಪುರಸಭೆಯ ಕ್ರಮ ಬಿಟ್ಟು ಬೇರೆ ದಾರಿ ಅವರಿಗೆ ತಿಳಿದಿರಲಿಲ್ಲ.

ಸಭೆ ನಡೆದದ್ದು ಶುಕ್ರವಾರ, ನಮ್ಮದೇ ಊಟದ ಮೇಜಿನ ಸುತ್ತ. ಮೂರು ಕಡೆಯಿಂದ ಕೊಟೇಶನ್ ಬೇಕೆಂದರು ಅಧ್ಯಕ್ಷರು. ಫ್ಲ್ಯಾಟು ಸಿಕ್ಕಿದ್ದು ಎರಡೇ. ಮೂರನೆಯ ಕೊಟೇಶನ್ನನ್ನು ಸದಸ್ಯರೊಬ್ಬರು ಸುಲೈಬಿಯಾದ ಖರ್ಜೂರದ ಗೋದಾಮಿನಿಂದ ತಂದಿದ್ದರು. ಅದರ ಗಾಳಿ ಬೆಳಕಿನ ಬಗ್ಗೆ ಅರ್ಧ ಗಂಟೆ ಚರ್ಚೆಯಾಯಿತು. ಆಮೇಲೆ ಅಧ್ಯಕ್ಷರು ಕೇಳಿದರು, "ಅಲ್ಲ, ಈ ಫಲಾನುಭವಿಗಳನ್ನು ಗುರುತಿಸುದು ಹೇಗೆ? ಅವರು ಎಲ್ಲಿ ಸಿಕ್ತಾರೆ?"

ಉಳ್ಳಾಲದ ಹುಡುಗಿ ಅವರ ಮುಂದೆ ಚಹಾ ಇಟ್ಟು, "ಸಕ್ಕರೆ ಎಷ್ಟು ಹಾಕುದು ಸರ್?" ಎಂದಳು.

ಮುಂದಿನ ವಾರ ಅರ್ಜಿ ನಮೂನೆ ಬಂತು. ಅರ್ಜಿದಾರರು ಅಸಹಾಯಕರೆಂಬುದಕ್ಕೆ ಉದ್ಯೋಗದಾತರ ಪತ್ರ ಲಗತ್ತಿಸಬೇಕಿತ್ತು. ಕೈಬಿಟ್ಟವರು ಕೈಬಿಟ್ಟೆವೆಂದು ಬರೆದು ಕೊಡುತ್ತಾರೆಯೇ ಎಂದು ನಾನು ನಕ್ಕೆ. ಕಾರ್ಕಳದವಳು ನಗದೆ ಹೋಗಿ ಕೇಳಿದಳು. ಮುಚ್ಚಿದ ಕ್ಲಿನಿಕ್ಕಿನ ಮ್ಯಾನೇಜರು ಸಂತೋಷದಿಂದಲೇ ಬರೆದುಕೊಟ್ಟ: ಈ ಮೂವರನ್ನು ಯಾವ ವ್ಯವಸ್ಥೆಯೂ ಇಲ್ಲದೆ ಬಿಟ್ಟಿದ್ದೇವೆ, ಇವರ ನಡತೆ ಉತ್ತಮವಾಗಿತ್ತು, ಮುಂದಿನ ಬಾಳಿಗೆ ಶುಭವಾಗಲಿ. ಎರಡು ಸೀಲು ಬೇರೆ.

ಅಷ್ಟಾದರೂ ಒಂದೂವರೆ ತಿಂಗಳ ಬಳಿಕ ಅರ್ಜಿ ತಿರಸ್ಕೃತವಾಯಿತು. ಈಗಿನ ವಸತಿ ಎಂಬಲ್ಲಿ ಹುಡುಗಿಯರು ನಮ್ಮ ವಿಳಾಸ ಬರೆದಿದ್ದರು.

"ಮನೆ ಉಂಟಲ್ಲ ಮತ್ತೆ," ಎಂದರು ಅಧ್ಯಕ್ಷರು, ನಿಜಕ್ಕೂ ಬೇಸರದಿಂದ. "ಇದ್ದವರಿಗೆ ಕೊಟ್ರೆ ನಾಳೆ ಯಾರಾದ್ರೂ ಕೇಳ್ತಾರೆ."

ನನ್ನ ಗಂಡ ತಲೆ ಕೆರೆದುಕೊಂಡು ಒಂದು ಉಪಾಯ ಹೇಳಿದರು. ಇವರನ್ನು ಇಟ್ಟುಕೊಳ್ಳಲಾರೆವೆಂದು ಮನೆಯಾಕೆಯಾದ ನಾನು ಬರೆದುಕೊಟ್ಟರೆ ಸಾಕು. ನನಗೆ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಬಾರದು. ಶಿರ್ವದ ಹುಡುಗಿಯೇ ಕುಳಿತಳು. 'ಇವರನ್ನು ಇಟ್ಟುಕೊಳ್ಳಲು ನನಗೆ ಇಷ್ಟವಿಲ್ಲ' ಎಂದು ಹೇಳಿಕೊಟ್ಟೆ. ಎರಡು ತಿಂಗಳಿಂದ ಬೆಳಗ್ಗೆ ನನ್ನ ಜಡೆ ಹಾಕುತ್ತಿದ್ದವಳು ಅವಳು.

ಅವಳು ತಿರುಗಿ ನೋಡಿದಳು. "ಅಕ್ಕ, 'ಸಾಧ್ಯವಿಲ್ಲ' ಅಂತ ಹಾಕುವನಾ? 'ಇಷ್ಟವಿಲ್ಲ' ಅಂದ್ರೆ ಆಮೇಲೆ ನಿಮಗೇ ಬೇಜಾರಾಗ್ತದೆ."

ನಾನು ಸಹಿ ಹಾಕಿದೆ. ಅರ್ಜಿ ಮಂಜೂರಾಯಿತು.

ಇನ್ನು ಉಳಿದದ್ದು ಆಸರೆಮನೆಗೆ ಗೊತ್ತುಮಾಡಿದ ಫ್ಲ್ಯಾಟಿನ ಹಾರಿಸ್, ಅಂದರೆ ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನ ಮುದುಕ. ಫ್ಯಾಮಿಲಿಗೆ ಮಾತ್ರ ಮನೆ ಎಂದು ಪಟ್ಟು ಹಿಡಿದ. ನಾನು ಹುಡುಗಿಯರನ್ನು ಕರೆದುಕೊಂಡು ಹೋಗಿ, ಇವರು ನನ್ನ ತಂಗಿಯರು ಎಂದೆ. ಹಿಜಾಬು, ಕುಂಕುಮ, ಕೊರಳಿನ ಶಿಲುಬೆ ಮೂರನ್ನೂ ಅವನು ನಿಧಾನವಾಗಿ ನೋಡಿದ.

"ಒಬ್ಬನೇ ಅಪ್ಪನಾ?" ಎಂದು ಅರಬ್ಬಿ ಬೆರೆತ ಹಿಂದಿಯಲ್ಲಿ ಕೇಳಿದ.

"ಅಪ್ಪ ಬೇರೆ ಬೇರೆ," ಎಂದಳು ಕಾರ್ಕಳದವಳು, ಸುಳ್ಳು ಹೇಳಿ ಅಭ್ಯಾಸವಿಲ್ಲದೆ. "ಅಮ್ಮನೂ."

ಮುದುಕ ನನ್ನತ್ತ ಮರುಕದಿಂದ ನೋಡಿ, "ಖಲಾಸ್, ಫ್ಯಾಮಿಲಿ," ಎಂದು ಬೀಗದ ಕೈ ಕೊಟ್ಟ.

ಉದ್ಘಾಟನೆಯ ದಿನ ರಿಬ್ಬನ್ ಕಟ್ಟಿದವರು, ಸ್ವಾಗತಗೀತೆ ಹಾಡಿದವರು, ಕುರ್ಚಿ ಜೋಡಿಸಿದವರು ಈ ಮೂವರೇ. ಅತಿಥಿಗಳು ಹೋದ ಮೇಲೆ ಮನೆ ಅವರದಾಯಿತು. ಒಳಗೆ ಮಂಚವಿತ್ತು, ಕರ್ಟನ್ ಇತ್ತು, ಕೇರಂ ಬೋರ್ಡಿತ್ತು. ಗ್ಯಾಸ್ ಸಿಲಿಂಡರ್ ಮಾತ್ರ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಅದಕ್ಕೆ ಪ್ರತ್ಯೇಕ ಮಂಜೂರಾತಿ ಬೇಕು, ಸಭೆ ಮುಂದಿನ ಶುಕ್ರವಾರ ಎಂದರು. ಹಾಗಾಗಿ ಒಂದು ವಾರ ಹುಡುಗಿಯರು ಮೂರು ಹೊತ್ತೂ ನಮ್ಮಲ್ಲಿಗೇ ಊಟಕ್ಕೆ ಬಂದರು. ನಾನು ಯಾರಿಗೂ ತಿಳಿಸಲಿಲ್ಲ. ತಿಳಿಸಿದರೆ ಅದಕ್ಕೂ ಒಂದು ಪತ್ರ ಕೇಳುತ್ತಿದ್ದರು.

ವರ್ಷ ತುಂಬುವುದರೊಳಗೆ ಮೂವರಿಗೂ ಒಳ್ಳೆಯ ಕೆಲಸ ಸಿಕ್ಕಿತು. ಕಾರ್ಕಳದವಳು ಈಗ ನಮ್ಮ ಆಸ್ಪತ್ರೆಯಲ್ಲೇ ಮಕ್ಕಳ ವಾರ್ಡಿನಲ್ಲಿದ್ದಾಳೆ. ಮಧ್ಯಾಹ್ನ ಒಟ್ಟಿಗೆ ಬುತ್ತಿ ಬಿಚ್ಚುತ್ತೇವೆ. ಅವಳು ತರುವ ಚಟ್ನಿಗೆ ಯಾವಾಗಲೂ ಉಪ್ಪು ಸ್ವಲ್ಪ ಹೆಚ್ಚು.