ಸಮುದ್ರದ ನೀರಿನ ಮುದ್ದೆ

ಉಮ್ಮತ್ತೂರಿನ ಶಾಂತಮಲ್ಲಪ್ಪನವರಿಗೆ ನಡೆಯುವ ಹುಚ್ಚು ಎಷ್ಟಿತ್ತೋ, ನಡುದಾರಿಯಲ್ಲಿ ಮರಳುವ ಹುಚ್ಚೂ ಅಷ್ಟೇ ಇತ್ತು. ಮಾದಪ್ಪನ ಬೆಟ್ಟಕ್ಕೆಂದು ಹೊರಟವರು ಚಪ್ಪಲಿ ಕಚ್ಚಿತೆಂದು ಕೊಳ್ಳೇಗಾಲದಿಂದಲೇ ವಾಪಸು ಬಂದರು. ಊಟಿಗೆಂದು ಹೊರಟವರು ಬಂಡೀಪುರದಲ್ಲಿ ಆನೆಯ ಲದ್ದಿ ಕಂಡು, “ಇನ್ನೂ ಬಿಸಿ ಅದೆ!” ಎಂದು ತಿರುಗಿಬಿಟ್ಟರು. ಊರು ಅವರಿಗೆ ‘ಅರ್ಧದಾರಿ’ ಎಂದು ಹೆಸರಿಟ್ಟಿತು. ಇನ್ನೊಂದು ಗುಣವೂ ಅವರಿಗಿತ್ತು. ಮನೆಯ ಉಪ್ಪಿನ ಮಡಕೆಯನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗುವಷ್ಟು ಕೈಬಿಗಿ.

ಹೆಸರನ್ನೇನೋ ಅವರು ನುಂಗಿಕೊಂಡಿದ್ದರು. ಆದರೆ ಬಾವಿಕಟ್ಟೆಯಲ್ಲಿ ನೆರೆಮನೆಯ ಪುಟ್ಟಬಸಮ್ಮ ಅವರ ಹೆಂಡತಿ ಗಂಗಾಂಬಿಕೆಯನ್ನು, “ಯಾಕಮ್ಮಿ ಅರ್ಧದಾರಿ ಎಂಡ್ತಿ, ಬಿಂದ್ಗೆನೂ ಅರ್ಧನೇ ತುಂಬ್ಕತಿಯಾ?” ಎಂದು ಕೇಳಿದ ದಿನ ಮನೆಯಲ್ಲಿ ಒಲೆ ಉರಿಯಲಿಲ್ಲ.

“ಕಲ್ಲಿಕೋಟೆ ಗಂಟ ನಡ್ಕಂಡು ಓಗಿ ಸಮುದ್ರ ನೋಡ್ಕಂಡೇ ಬತ್ತೀನಿ,” ಎಂದರು ಶಾಂತಮಲ್ಲಪ್ಪ.

“ಗುಂಡ್ಲುಪೇಟೇಲಿ ಕಾಪಿ ಕುಡ್ದು ಬಂದು, ಸಮುದ್ರ ಕಂಡೆ ಅಂದ್ರೆ ನಂಬೋರು ಯಾರು? ಆ ನೀರು ತನ್ನಿ, ನಾನೇ ನೆಕ್ಕಿ ನೋಡ್ತೀನಿ. ಇಲ್ದಿದ್ರೆ ಒಸ್ಲು ತುಳೀಬ್ಯಾಡಿ!”

ಹೀಗೆ ೧೯೫೪ರಲ್ಲಿ, ಸುಗ್ಗಿ ಮುಗಿದ ಮೇಲೆ, ಗೆಳೆಯರಿಬ್ಬರೊಡನೆ ಪ್ರಯಾಣ ಹೊರಟರು. ಒಬ್ಬ ಗಾಡಿ ಹೊಡೆಯುವ ದೊಡ್ಡಯ್ಯ. ಇನ್ನೊಬ್ಬ ಪಾತ್ರೆಗೆ ಕಲಾಯಿ ಹಾಕುವ ಅಬ್ದುಲ್ ಜಬ್ಬಾರ್. ಜಬ್ಬಾರ್ ತಿರುಪು ಮುಚ್ಚಳದ ಎರಡು ಹಿತ್ತಾಳೆ ಕೂಜಗಳಿಗೆ ಕಲಾಯಿ ಹಾಕಿ ಕೊಟ್ಟಿದ್ದ. ಒಂದು ಕುಡಿಯುವ ನೀರಿಗೆ, ಒಂದು ಸಮುದ್ರದ ನೀರಿಗೆ. ಶಾಂತಮಲ್ಲಪ್ಪನವರು ತಿರುಗಿಬಿಡದಂತೆ ದೊಡ್ಡಯ್ಯ ಮುಂದೆ, ಜಬ್ಬಾರ್ ಹಿಂದೆ ನಡೆದರು. ಬಂಡೀಪುರದಲ್ಲಿ ಮತ್ತೆ ಲದ್ದಿ ಕಂಡಿತು.

“ಬಿಸಿ ಅದೆ ಕಣ್ಲಾ!”

“ಇದ್ರೆ ಕೈ ಕಾಯಿಸ್ಕೊ. ನಡಿ ಮುಂದ್ಕೆ,” ಎಂದ ಜಬ್ಬಾರ್.

ಗೂಡಲೂರು ದಾಟಿ, ಘಟ್ಟ ಇಳಿದು, ಬೇಪೂರಿನ ಕಡಲತೀರದ ಮರಳಿಗೆ ಬಂದು ನಿಂತರು. ದೊಡ್ಡಯ್ಯ ಅಲೆಗಳನ್ನು ತೋರಿಸಿ, “ಬತ್ತದೆ, ಅಂಗೇ ವಾಪ್ಸು ಓಯ್ತದೆ. ಇದೂ ನಿನ್ನಂಗೇ ಅರ್ಧದಾರಿ ಕಣ್ಲಾ!” ಎಂದ. ಕಲ್ಲಿಕೋಟೆಯವರೆಗೆ ಕರಾವಳಿಯ ಗುಂಟ ನಡೆಯುವಷ್ಟೂ ಹೊತ್ತು ನಕ್ಕರು. ಅಲ್ಲಿ ಶಾಂತಮಲ್ಲಪ್ಪನವರು ಕೂಜವನ್ನು ಕಂಠಮಟ್ಟ ತುಂಬಿಕೊಂಡರು.

ಮರಳುವಾಗ ಗೂಡಲೂರಿನ ಮೇಲಿನ ಹುಲ್ಲುಗುಡ್ಡದಲ್ಲಿ ಮಂಜು ಕವಿಯಿತು. ಲಿಂಗಪೂಜೆಯ ನೇಮದ ಶಾಂತಮಲ್ಲಪ್ಪನವರು ತಾವೇ ಬೇಯಿಸಿದ್ದನ್ನಷ್ಟೇ ಉಣ್ಣುತ್ತಿದ್ದರು. ಹಸಿವಿನ ಅವಸರದಲ್ಲಿ ಕೈಗೆ ಸಿಕ್ಕ ಕೂಜವನ್ನು ಪಾತ್ರೆಗೆ ಪೂರ್ತಿ ಬಗ್ಗಿಸಿ, ರಾಗಿಹಿಟ್ಟು ಸುರಿದು, ತೊಳಸಿ, ದೊಡ್ಡ ಮುದ್ದೆ ಕಟ್ಟಿದರು. ಮೊದಲ ತುತ್ತಿಗೇ ಕಣ್ಣು ಮೇಲಾಯಿತು. ಮುದ್ದೆಗೆ ಉಪ್ಪು ಹಾಕುವ ವಾಡಿಕೆಯೇ ಇಲ್ಲ. ಇದರಲ್ಲಿ ಅರ್ಧ ಸಮುದ್ರವೇ ಇತ್ತು!

“ಕೆಟ್ಟೆ ಕಣ್ರಪ್ಪಾ! ಮತ್ತೆ ಕಲ್ಲಿಕೋಟೆಗೆ ಓಗನ, ಏಳಿ!”

“ಇಷ್ಟ್ ವರ್ಸ ಮನೆ ಕಡೆ ತಿರುಗ್ತಿದ್ದೆ, ಈಗ ಸಮುದ್ರದ ಕಡೀಕಾ?” ಎಂದು ದೊಡ್ಡಯ್ಯ ಕಾಲು ಚಾಚಿ ಮಲಗಿಬಿಟ್ಟ.

“ಮುದ್ದೇನೇ ಕಟ್ಕೊಳ್ಳಲಾ,” ಎಂದ ಜಬ್ಬಾರ್. “ನೀರು ಅದ್ರೊಳಗೇ ಅದಲ್ಲ.”

ಊರು ಸೇರುವ ಹೊತ್ತಿಗೆ ಮುದ್ದೆ ಗುಂಡುಕಲ್ಲಾಗಿತ್ತು. ಹೊಸ್ತಿಲಿಗೆ ಅಡ್ಡನಿಂತ ಗಂಗಾಂಬಿಕೆ ಕೂಜವನ್ನು ಬೋರಲು ಹಾಕಿದರು; ತೊಟ್ಟು ನೀರಿಲ್ಲ. ಶಾಂತಮಲ್ಲಪ್ಪನವರು ನಡೆದದ್ದನ್ನೆಲ್ಲ ಹೇಳಿ, ಮುದ್ದೆಯ ಗಂಟು ಬಿಚ್ಚಿದರು. ಗಂಗಾಂಬಿಕೆ ಕುಟ್ಟಾಣಿಯಿಂದ ಒಂದು ಚೂರು ಒಡೆದು ಬಾಯಿಗಿಟ್ಟುಕೊಂಡರು. ಮುಖ ಹಿಂಡಿದ ನಿಂಬೆಹಣ್ಣಾಯಿತು.

“ದಾರೀಲಿ ಉಪ್ಪು ಬೆರೆಸವ್ರೆ, ಬುಡು,” ಎಂದಳು ನೋಡಲು ಬಂದು ನಿಂತಿದ್ದ ಪುಟ್ಟಬಸಮ್ಮ.

“ಇವ್ರಾ?” ಗಂಗಾಂಬಿಕೆ ತಿರುಗಿ ನಿಂತರು. “ಸಾರಿಗೇ ಉಪ್ಪಿನ ಅರಳು ಎಣಿಸಿ ಕೊಡೋರು, ಇಷ್ಟು ಉಪ್ಪ ಕೈಯಾರೆ ಸುರೀತಾರಾ? ಪ್ರಾಣ ಬೇಕಾರೆ ಕೊಟ್ಟಾರು! ಇದು ಸಮುದ್ರದ್ದೇ ಕಣಮ್ಮಿ!”

ಎಂದವರೇ ಹೊಸ್ತಿಲು ಬಿಟ್ಟು ಸರಿದರು.

ಅಂದಿನಿಂದ ಊರು ಅವರನ್ನು ‘ಉಪ್ಪುಮುದ್ದೆ’ ಎಂದು ಕರೆಯಿತು. ಶಾಂತಮಲ್ಲಪ್ಪನವರು ಕೊನೆಯವರೆಗೂ ಆ ಹೆಸರಿಗೆ ಹಿಗ್ಗಿನಿಂದ ಓಗೊಟ್ಟರು. ಗಂಗಾಂಬಿಕೆಯಾದರೋ ಬಿಂದಿಗೆಯನ್ನು ಕಂಠಮಟ್ಟ ತುಂಬಿ, ಪುಟ್ಟಬಸಮ್ಮನ ಕಾಲಿನ ಮೇಲೆಯೇ ತುಳುಕಿಸಿಕೊಂಡು ಹೋಗುತ್ತಿದ್ದರು.