ಆಪಾ ಕೇಳಿದ ಒಂದು ಮಾತು

ಕಳೆದ ವಾರ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿದ್ದಾಗ ಒಬ್ಬ ಹುಡುಗಿಯ ಕಂಪಾಸ್ ಬಾಕ್ಸಿನಿಂದ ಮಡಚಿದ ಚೀಟಿಯೊಂದು ಕೆಳಗೆ ಬಿತ್ತು. ನಾನು ಬಗ್ಗಿ ಎತ್ತಿಕೊಂಡೆ. ಅವಳ ಮುಖ ಬಿಳಿಚಿಕೊಂಡಿತು.

“ಕಾಪಿ ಅಲ್ಲ ಮಿಸ್, ದುವಾ. ಅಮ್ಮಿ ಬರ್ಕೊಟ್ಟಿದ್ದು.”

ಬಿಡಿಸಿ ನೋಡಿದೆ. ಕನ್ನಡ ಅಕ್ಷರಗಳಲ್ಲಿ ಮೂರೇ ಪದದ ಪ್ರಾರ್ಥನೆ: ರಬ್ಬಿ ಜಿದ್ನಿ ಇಲ್ಮಾ. ಚೀಟಿಯನ್ನು ಅವಳಿಗೇ ಕೊಟ್ಟು ಬಂದು ಕೂತೆ. ಉಳಿದ ಹೊತ್ತೆಲ್ಲ ಕಣ್ಣು ಮಕ್ಕಳ ಮೇಲಿತ್ತು, ಮನಸ್ಸು ಜರಗನಹಳ್ಳಿಯ ನಮ್ಮ ಹಳೇ ವಠಾರದಲ್ಲಿ…

ಹೊಲ ಮಾರಿದ ಮೇಲೆ ನಮ್ಮಪ್ಪ ಮನೆಯ ಹಿಂದೆ ಶೀಟು ಹೊದಿಸಿದ ಆರು ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಕೊನೆಯ ಮನೆಯಲ್ಲಿ ಆಪಾ ಒಬ್ಬರೇ ಇದ್ದರು; ಆಪಾ ಎಂದರೆ ಅಕ್ಕ, ವಠಾರವೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಸಂಜೆ ಸ್ಕೂಲು ಬಿಟ್ಟ ಮೇಲೆ ಸುತ್ತಲಿನ ಮುಸ್ಲಿಂ ಮಕ್ಕಳು ಕುರಾನ್ ಓದಲು ಅವರಲ್ಲಿಗೆ ಬರುತ್ತಿದ್ದರು. ಪುಸ್ತಕ ತೆರೆಯುವ ಮೊದಲು ಎಲ್ಲರೂ ಒಟ್ಟಿಗೆ ಆ ಮೂರು ಪದ ಹೇಳುತ್ತಿದ್ದರು. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನಾನು ಒಮ್ಮೆ ಅರ್ಥ ಕೇಳಿದೆ.

“ದೇವ್ರೇ, ನನ್ಗೆ ಇನ್ನೂ ಸ್ವಲ್ಪ ತಿಳುವಳ್ಕೆ ಕೊಡು ಅಂತ. ಅಷ್ಟೇ ಬೇಟಾ.”

ಆಪಾಗೆ ಉರ್ದು, ಅರಬ್ಬಿ ಬರುತ್ತಿತ್ತು. ಕನ್ನಡ ಮಾತಾಡುತ್ತಿದ್ದರು, ಓದಲು ಬಾರದು. ಮಕ್ಕಳು ಸ್ಕೂಲಿನ ಪಾಠ ತಂದು ಕೇಳಿದರೆ ಸಂಕೋಚಪಡುತ್ತಿದ್ದರು. ಒಂದು ದಿನ ಸ್ಲೇಟು ತಂದು, “ನನ್ಗೂ ಕಲ್ಸು” ಎಂದು ನನ್ನ ಮುಂದೆ ಕೂತರು. ನನಗಾಗ ಹದಿನೈದು ವರ್ಷ. ಅವರು ಸೆರಗನ್ನು ತಲೆಗೆ ಎಳೆದುಕೊಂಡು, ಮಕ್ಕಳ ಹಾಗೆಯೇ ಆ ಮೂರು ಪದ ಹೇಳಿ, ಸ್ಲೇಟಿನ ಬಲತುದಿಯಲ್ಲಿ ‘ಅ’ ಬರೆದರು.

“ಆಪಾ, ಎಡಗಡೆಯಿಂದ!” ಎಂದೆ. ಇಬ್ಬರೂ ನಕ್ಕೆವು.

ಇನ್ನೊಂದು ದುವಾ ಕೂಡ ಇತ್ತು ಅವರದು. ಪ್ರಯೋಜನಕ್ಕೆ ಬಾರದ ವಿದ್ಯೆಯಿಂದ ನನ್ನನ್ನು ಕಾಪಾಡು ಎಂದು ಅದರ ಅರ್ಥ. ಅಂಥ ವಿದ್ಯೆ ಯಾವುದು ಎಂದು ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, “ಗೊತ್ತಿರತ್ತೆ, ಆದ್ರೂ ಮಾಡಲ್ಲ ನೋಡು… ಅದು” ಎಂದರು.

ಎರಡು ವರ್ಷ, ಬಿಡುವಾದಾಗಲೆಲ್ಲ, ಕಲಿತರು. ಮೂರನೇ ತರಗತಿಯ ಪುಸ್ತಕವನ್ನು ಬೆರಳಿಟ್ಟು ಓದುವಷ್ಟಾಗಿತ್ತು. ಆಗ ಅಪ್ಪ ವಠಾರ ಕೆಡವಿ ದೊಡ್ಡ ಬಿಲ್ಡಿಂಗ್ ಕಟ್ಟಲು ಹೊರಟರು. ತಿಂಗಳೊಳಗೆ ಖಾಲಿ ಮಾಡಿ ಎಂದು ಎಲ್ಲರಿಗೂ ಹೇಳಿಯಾಯಿತು. ಮಾರನೇ ದಿನ ಆಪಾ ನಲ್ಲಿಯ ಬಳಿ ನನ್ನನ್ನು ತಡೆದರು.

“ಗೌಡ್ರಿಗೆ ಒಂದ್ ಮಾತ್ ಹೇಳು ಬೇಟಾ. ರಂಜಾನ್ ಮುಗಿಯೋವರ್ಗೂ ಇರ್ತೀನಿ. ನಾಲ್ಕು ಮಕ್ಳು ಕುರಾನ್ ಮುಗ್ಸೋ ಹಂತದಲ್ಲಿದಾರೆ. ಈಗ ಬಿಟ್ರೆ ನಿಂತೋಗತ್ತೆ. ನಾನೇ ಕೇಳಕ್ಕೆ ಭಯ.”

“ಹೇಳ್ತೀನಿ ಆಪಾ.”

ಅಂದು ಅಪ್ಪ ಊಟಕ್ಕೆ ಕೂತಾಗ ಅಡಿಗೆಮನೆ ಬಾಗಿಲಲ್ಲಿ ನಿಂತೆ. ಅಪ್ಪನ ಕೋಪ ನನಗೂ ಭಯವೇ. ಮುದ್ದೆ ಮುಗಿಯಿತು, ಅನ್ನಕ್ಕೆ ಬಂದರು. “ಮಜ್ಜಿಗೆ ಹಾಕ್ಲಾ?” ಎಂದಷ್ಟೇ ಕೇಳಿದೆ. ಮರುದಿನವೂ ಬಾಯಿ ಬರಲಿಲ್ಲ. ಮೂರನೇ ದಿನ ಆಪಾ ಎದುರಾದಾಗ, “ಅಪ್ಪ ಆಗಲ್ಲ ಅಂದ್ಬಿಟ್ರು” ಎಂದುಬಿಟ್ಟೆ.

ಅವರು ನನ್ನ ಕೆನ್ನೆ ಮುಟ್ಟಿದರು. “ನೀನು ಕೇಳಿದ್ಯಲ್ಲ, ಸಾಕು.”

ವಾರದೊಳಗೆ ಇಟ್ಟಮಡುವಿನ ತಂಗಿಯ ಮನೆಗೆ ಹೊರಟುಹೋದರು. ಪ್ಲಾನ್ ಮಂಜೂರಾಗದೆ ವಠಾರ ಇನ್ನೂ ಐದು ತಿಂಗಳು ಹಾಗೇ ನಿಂತಿತ್ತು. ರಂಜಾನ್ ಬಂದು ಹೋಯಿತು. ಒಂದು ದಿನ ಅಪ್ಪ ತಾವಾಗಿಯೇ ಅಂದರು: “ಪಾಪ, ಆಯಮ್ಮ ಒಂದ್ ಮಾತ್ ಕೇಳಿದ್ರೆ ಇರ್ಲಿ ಅಂತಿದ್ದೆ.” ನಾನು ಅಲ್ಲಿಂದ ಎದ್ದುಹೋದೆ.

ಇಟ್ಟಮಡು ದೂರವೇನಲ್ಲ. ಹೋಗಿ ನಿಜ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಓದು, ಮದುವೆ, ಕೆಲಸ… ನೆಪಗಳಿಗೇನು ಕೊರತೆ. ಎರಡು ವರ್ಷದ ಹಿಂದೆ ಆಪಾ ತೀರಿಕೊಂಡ ಸುದ್ದಿ ತಿಳಿದು ಹೋದಾಗ ಮಣ್ಣಾಗಿ ವಾರವಾಗಿತ್ತು. ತಂಗಿಯ ಮಗಳು ಚಹಾ ಕೊಟ್ಟಳು. ನಾನು ಯಾರೆಂದು ಗೊತ್ತಾಗುತ್ತಲೇ ಅವಳ ಕಣ್ಣು ತುಂಬಿತು.

“ಅಕ್ಕ, ಅವ್ರು ದಿನಾ ನಮಾಜ್ ಆದ್ಮೇಲೆ ತಮ್ಗೆ ಕಲ್ಸಿದವ್ರಿಗೆಲ್ಲ ದುವಾ ಮಾಡೋರು. ಮೊದ್ಲು ಅವ್ರ ಅಬ್ಬಾ ಹೆಸ್ರು, ಆಮೇಲೆ ಅವ್ರ ಉಸ್ತಾದ್ ಹೆಸ್ರು, ಆಮೇಲೆ ನಿಮ್ಮ ಹೆಸ್ರು.”

ನಾನು ತಲೆಯಾಡಿಸಿದೆ. ಅವಳಿಗಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ವಠಾರವಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡವಿದೆ. ಎರಡನೇ ಮಹಡಿಯಲ್ಲಿ ನಾನೇ ಇದ್ದೇನೆ. ಆಪಾ ಇದ್ದ ಮನೆ ಎಲ್ಲಿತ್ತೆಂದು ಲೆಕ್ಕ ಹಾಕಿದರೆ, ಸರಿಯಾಗಿ ನಾನು ಗಾಡಿ ನಿಲ್ಲಿಸುವ ಜಾಗಕ್ಕೆ ಬರುತ್ತದೆ. ದಿನವೂ ಅಲ್ಲೇ ಸ್ಟ್ಯಾಂಡ್ ಹಾಕಿ, ಬೀಗ ತಿರುಗಿಸಿ, ಮೇಲೆ ಹತ್ತಿಹೋಗುತ್ತೇನೆ.